ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು

ಮೈಸೂರಿಗೆ ಹೋದರೆ ನೀವು ಏನೇನು ನೋಡುತ್ತೀರಿ? ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ. ಹೊತ್ತಿದ್ದರೆ ಕಾಲು ಕಿಲೋ ಮೈಸೂರು ಪಾಕು, ಒಂದು ಮಾರು ಮಲ್ಲಿಗೆ. ಮುಂದಿನ ಸಲ ಹೋದಾಗ ಬೆಳಿಗ್ಗೆ ಸ್ವಲ್ಪ ಬೇಗ ಎದ್ದು ಕುಕ್ಕರಹಳ್ಳಿ ಕೆರೆಯನ್ನೂ ಒಂದು ಸುತ್ತು ಹಾಕಿ ಬನ್ನಿ. ನಲವತ್ತೈದು ದಾಟಿದ ಸೋದರಿಯರಿಗಂತೂ ಇದನ್ನು ಒತ್ತಿ ಹೇಳುತ್ತೇನೆ.

ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. 1864ರಲ್ಲಿ, ಊರಾಚೆಯ ಜಮೀನುಗಳಿಗೆ ನೀರುಣಿಸಲೆಂದು ಕಟ್ಟಿಸಿದರಂತೆ. ಈಗ ಊರೇ ಬೆಳೆದು ಕೆರೆಯನ್ನು ಸುತ್ತುವರಿದಿದೆ. ಪಕ್ಕದಲ್ಲೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಆ ಹೆಸರನ್ನಿಟ್ಟ ಕುವೆಂಪು ಅವರು ಇದೇ ದಂಡೆಯ ಮೇಲೆ ವಾಯುಸಂಚಾರ ಮಾಡುತ್ತಿದ್ದರು. ಮರಗಳ ನೆರಳಲ್ಲಿ ದಾರಿ, ನೀರಿನ ಮೇಲೆ ಹೆಜ್ಜಾರ್ಲೆ, ನೀರುಕಾಗೆಗಳು, ದೂರದಲ್ಲಿ ಬೆಟ್ಟ. ನಡೆಯುವುದಕ್ಕೆ ಬೇಸರವೇ ಆಗುವುದಿಲ್ಲ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನನ್ನ ಅಕ್ಕ. ಅವಳಿಗೆ ಐವತ್ತನಾಲ್ಕು. ಮುಟ್ಟು ನಿಂತು ಐದು ವರ್ಷವಾಯಿತು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಿರಬಿರನೆ ಹೋಗುತ್ತಾಳೆ. "ಅಕ್ಕಾ, ಸ್ವಲ್ಪ ನಿಂತ್ಕೋ" ಎಂದೆ. "ಮಾತಾಡೋಕೆ ಉಸಿರಿದೆಯಲ್ಲ, ಬಾರೇ!" ಎಂದಳು. ನಡಿಗೆಯ ಅಳತೆಯೇ ಅದಂತೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಅವಳಿಗೆ ಈ ಛಲ ಬಂದದ್ದು ನಮ್ಮ ದೊಡ್ಡಮ್ಮನಿಂದ. ದೊಡ್ಡಮ್ಮ ಬಚ್ಚಲುಮನೆಯಲ್ಲಿ ಜಾರಿದರು, ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಮೂವತ್ತು ಜನರ ಅಡಿಗೆಯನ್ನು ಒಬ್ಬರೇ ನಿಭಾಯಿಸುತ್ತಿದ್ದ ಹೆಂಗಸು ಆಮೇಲೆ ಹೊಸ್ತಿಲು ದಾಟಲಿಲ್ಲ. ಬಿದ್ದದ್ದರಿಂದ ಮುರಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಆ ಮೂಳೆ ವರ್ಷಗಟ್ಟಲೆ ಒಳಗೊಳಗೇ ಸವೆಯುತ್ತಾ ಬಂದಿತ್ತು ಎಂದು ಡಾಕ್ಟರು ಹೇಳಿದರು.

ನಮ್ಮ ಮೂಳೆ ಗೋಡೆಯ ಕಲ್ಲಿನಂತೆ ಒಮ್ಮೆ ಇಟ್ಟದ್ದು ಇಟ್ಟಂತೆ ಇರುವುದಿಲ್ಲ. ಹಳೆಯದು ಕರಗುತ್ತಾ, ಹೊಸದು ಕೂಡುತ್ತಾ ಇರುತ್ತದೆ. ಈ ಕರಗುವಿಕೆಗೆ ಕಡಿವಾಣ ಹಾಕುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಲ್ಲುವ ಕಾಲಕ್ಕೆ ಅದು ಇಳಿದುಹೋಗುತ್ತದೆ, ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತದೆ. ನೋವಿಲ್ಲ, ಜ್ವರವಿಲ್ಲ, ಮಣಿಕಟ್ಟೋ ಸೊಂಟವೋ ಮುರಿದಾಗ, ಬೆನ್ನು ಬಾಗಿದಾಗಲೇ ತಿಳಿಯುವುದು.

ಮೈಭಾರವನ್ನು ಕಾಲಿನ ಮೇಲೆ ಹೊತ್ತು ನಡೆದಾಗ, "ನಾನಿನ್ನೂ ಬೇಕು" ಎಂದು ಮೂಳೆಗೆ ತಿಳಿಯುತ್ತದೆ. "ಬೆಳಗಿನಿಂದ ಮನೆಯೆಲ್ಲ ಓಡಾಡ್ತೀನಲ್ಲ, ಸಾಲದೇ?" ಎನ್ನುತ್ತೀರಾ? ಒಲೆಯ ಮುಂದೆ ನಿಂತರೆ ಕಾಲು ಸೋಲುತ್ತದೆ, ಆದರೆ ಬಿರುಸಿನ ನಡಿಗೆಯ ಫಲ ಸಿಗುವುದಿಲ್ಲ. ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆದರೆ ನೂರೈವತ್ತು ನಿಮಿಷವಾಯಿತು. ಕಡಿಮೆಯೆಂದರೆ ಅಷ್ಟಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗೆಂದು ನಡಿಗೆಯೊಂದೇ ಸಾಕಾಗದು. ಮೆಟ್ಟಿಲು ಹತ್ತುವುದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಇಂಥವೂ ವಾರಕ್ಕೆ ಎರಡು ದಿನ ಇರಲಿ. ಅಕ್ಕ ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ. ದೊಡ್ಡ ದೇವರಾಜ ಒಡೆಯರ ಕಾಲದ (1659–1673) ಸಾವಿರ ಮೆಟ್ಟಿಲು ಅವು. ದೊಡ್ಡ ಬಸವಣ್ಣನ ಹತ್ತಿರ ಕೂತು ಸುಧಾರಿಸಿಕೊಂಡು ಮುಂದೆ ಹೋಗಬಹುದು. ಮಂಡಿನೋವಿದ್ದವರು ಇದಕ್ಕೆ ಹೋಗಬೇಡಿ, ಕೆರೆಯ ದಾರಿಯೇ ಒಳ್ಳೆಯದು. ಎದೆನೋವು, ಏದುಸಿರು ಇರುವವರು, ಮೊದಲೇ ಮೂಳೆ ಮುರಿದವರು, ಬೆನ್ನು ಬಾಗುತ್ತಿರುವವರು ಡಾಕ್ಟರನ್ನು ಕೇಳಿಯೇ ಹೊರಡಿ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಎಂಬ ಪರೀಕ್ಷೆಯಿದೆ, ಅದರಲ್ಲಿ ನೋವೇನೂ ಇಲ್ಲ.

ಇನ್ನು ಅಡಿಗೆಮನೆಯ ಮಾತು. ಮುಟ್ಟು ನಿಂತ ಮೇಲೆ ನಮಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಜೊತೆಗೆ ಹಾಲು, ಮೊಸರು, ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ ಇರಲಿ. ಮಕ್ಕಳಿಗೆ ಹಾಲು ಕೊಟ್ಟು ನಾವು ಡಿಕಾಕ್ಷನ್ನಿನ ಗಸಿಯಲ್ಲಿ ತೃಪ್ತಿಪಡುವುದು ಇನ್ನು ಸಾಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಎಳೆಬಿಸಿಲಿನಲ್ಲಿ ಅದು ಹೆಚ್ಚು ಸಿಗುವುದಿಲ್ಲ. ಹಪ್ಪಳ ಒಣಹಾಕುವ ಹೊತ್ತಿನ ಬಿಸಿಲಿಗೆ ಕೈಕಾಲು ಒಡ್ಡಿ ಸ್ವಲ್ಪ ಹೊತ್ತು ನಿಲ್ಲಿ.

"ನಮ್ಮೂರಲ್ಲಿ ಅಂಥ ಕೆರೆ ಎಲ್ಲಿದೆ? ಹೆಂಗಸರು ಸುಮ್ಮನೆ ನಡೆದರೆ ಜನ ಏನೆಂದಾರು?" ಎಂಬ ಚಿಂತೆ ನಿಮಗಿರಬಹುದು. ಕೆರೆಯೇ ಬೇಕೆಂದಿಲ್ಲ, ಸ್ಕೂಲಿನ ಮೈದಾನ, ದೇವಸ್ಥಾನದ ಬೀದಿ ಯಾವುದಾದರೂ ಆದೀತು. ಒಬ್ಬರೇ ಹೋದರೆ ಕೇಳುವವರು ಹತ್ತು ಜನ, ನಾಲ್ವರು ಸೇರಿ ಹೋದರೆ ಐದನೆಯವರು ತಾವೂ ಬರುತ್ತೇವೆ ಎನ್ನುತ್ತಾರೆ. ನೀರುಕಲ್ಲಿನ ಮೇಲೆ ಜಾರದಂಥ ಚಪ್ಪಲಿ ಹಾಕಿಕೊಳ್ಳಿ, ಮೊದಲ ವಾರ ಹತ್ತು ನಿಮಿಷ ಮಾತ್ರ ನಡೆಯಿರಿ, ಆಮೇಲೆ ಏರಿಸಿ. ಹಾಗೆಯೇ ಈವತ್ತೇ ಬಚ್ಚಲುಮನೆಯ ಪಾಚಿ ಉಜ್ಜಿಸಿ, ಹಿಡಿದುಕೊಳ್ಳಲು ಗೋಡೆಗೊಂದು ಗಟ್ಟಿ ಹಿಡಿಕೆ ಹಾಕಿಸಿ. ಮನೆಯಲ್ಲಿ ವಯಸ್ಸಾದ ಅತ್ತೆಯೋ ಅಮ್ಮನೋ ಇದ್ದರೆ ಇದನ್ನು ನಾಳೆಗೆ ಇಡಬೇಡಿ.