ಯುಪಿಎಸ್ ಕೂಗಿದರೆ ಕಿವಿಗೊಡಿ

ಕರೆಂಟ್ ಹೋದಾಗ ಮೇಜಿನ ಕೆಳಗಿಂದ ಕೀಂ ಕೀಂ ಎನ್ನುವ ಆ ಕಪ್ಪು ಪೆಟ್ಟಿಗೆಯ ಮೇಲೆ ನನಗೆ ಮಮತೆ ಜಾಸ್ತಿ. ಅರ್ಧ ಟೈಪಾದ ನಡಾವಳಿ, ಕೊನೆಯ ಪುಟಕ್ಕೆ ಬಂದ ಆನ್‌ಲೈನ್ ಅರ್ಜಿ ಉಳಿಯುವುದು ಅದು ಕೊಡುವ ಹತ್ತು ನಿಮಿಷದಿಂದ. ಆದರೆ ನಮ್ಮ ಕಚೇರಿಗಳಲ್ಲಿ ಅದನ್ನು ಕೇಳುವವರೇ ಇಲ್ಲ. ಒಂದು ದಿನ ಬ್ಯಾಕಪ್ ನಿಲ್ಲದಿದ್ದರೆ ಸಾಕು, “ಸಾರ್, ಯುಪಿಎಸ್ ಹೋಗಿದೆ, ಹೊಸದಕ್ಕೆ ಬರೆದುಬಿಡಿ” ಅನ್ನುತ್ತಾರೆ.

ಬರೆಯುವ ಮೊದಲು ಸ್ವಲ್ಪ ನೋಡೋಣ. ಸಾಮಾನ್ಯ 600 ವಿಎ ಯುಪಿಎಸ್‌ನೊಳಗೆ ಇರುವುದು 12 ವೋಲ್ಟಿನ, 7 ಎಎಚ್ ಆಸುಪಾಸಿನ ಒಂದು ಸೀಲ್ಡ್ ಬ್ಯಾಟರಿ. ಅದರ ಆಯಸ್ಸು ಮೂರು ನಾಲ್ಕು ವರ್ಷ. ಸೆಖೆ ಅದಕ್ಕೆ ಆಗದು: 25 ಡಿಗ್ರಿಯ ಮೇಲೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯಾಡದ ಕಪಾಟಿನಲ್ಲಿ ಅದನ್ನಿಟ್ಟು, ಬೆಂಗಳೂರಿನಷ್ಟೇ ಬಾಳಲಿ ಎಂದರೆ ಹೇಗೆ ಬಾಳೀತು? ಬಹುತೇಕ ಸಲ ಪೆಟ್ಟಿಗೆ ಸರಿಯಾಗಿಯೇ ಇರುತ್ತದೆ, ಮುಗಿದಿರುವುದು ಬ್ಯಾಟರಿ.

ಪರೀಕ್ಷೆ ಸುಲಭ. ಕೆಲಸವನ್ನೆಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆರಿಸಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥಿಂಗೂ ಹೋಗುತ್ತದೆ. ಕಂಪ್ಯೂಟರ್ ತಕ್ಷಣ ಆರಿತೋ, ಒಂದು ನಿಮಿಷ ನಿಂತು ಆರಿತೋ, ಗಮನಿಸಿ. ವೈರ್‌ಮನ್ ಮೀಟರ್ ಹಿಡಿದು “12.7 ಇದೆ, ಬ್ಯಾಟರಿ ಚೆನ್ನಾಗಿದೆ ಸಾರ್” ಎಂದರೆ ಅಷ್ಟಕ್ಕೇ ಒಪ್ಪಬೇಡಿ. ಮುದಿ ಬ್ಯಾಟರಿಯೂ ಸುಮ್ಮನಿದ್ದಾಗ ಅಷ್ಟು ತೋರಿಸಬಲ್ಲದು. ಲೋಡ್ ಬಿದ್ದೊಡನೆ ಹತ್ತಕ್ಕೆ ಕುಸಿದರೆ ಅದರ ಕಥೆ ಮುಗಿಯಿತು. ಕೆಂಪು, ಕಪ್ಪು ವೈರಿನ ತುದಿ ಸಡಿಲಾಗಿದೆಯೋ, ಪಾಚಿಯಂಥ ಹಸಿರು ಕಟ್ಟಿದೆಯೋ ಎಂದೂ ನೋಡಬೇಕು. ಬ್ಯಾಟರಿ ಉಬ್ಬಿದ್ದರೆ ಇನ್ನೇನೂ ನೋಡಬೇಕಿಲ್ಲ, ತೆಗೆಯಿರಿ.

ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನೂ ಸಿಕ್ಕಿಸಿದ್ದರೆ ವಿಷಯ ಬೇರೆಯೇ. ಕಾಗದದ ಮೇಲೆ ಶಾಯಿಪುಡಿ ಕರಗಿಸಲು ಒಳಗೊಂದು ರೋಲರ್ ಕಾಯಬೇಕು. ಆ ಗಳಿಗೆ ನೂರಾರು ವಾಟ್ ಎಳೆಯುತ್ತದೆ. 600 ವಿಎ ಪೆಟ್ಟಿಗೆ ಕೊಡುವುದು ಸಾಮಾನ್ಯವಾಗಿ 360 ವಾಟ್ ಅಷ್ಟೇ. ಯುಪಿಎಸ್ ಎಡೆಬಿಡದೆ ಕೂಗಿ ಟ್ರಿಪ್ ಆಗುತ್ತದೆ, ಬೈಗುಳ ಮಾತ್ರ ಅದಕ್ಕೇ. ಪ್ರಿಂಟರನ್ನು ನೇರ ಗೋಡೆಗೆ ಹಾಕಿ, ಆ ಜಾಗದಲ್ಲಿ ಇಂಟರ್ನೆಟ್ ರೌಟರನ್ನು ಸೇರಿಸಿ. ರೌಟರ್ ಆರಿಹೋದರೆ ಕಂಪ್ಯೂಟರ್ ಒಂದೇ ಉರಿದು ಆನ್‌ಲೈನ್ ಅರ್ಜಿ ಮುಂದೆ ಹೋಗುವುದಿಲ್ಲ.

ಕರೆಂಟ್ ಇದ್ದಾಗಲೂ ಯುಪಿಎಸ್ ಟಕ್ ಟಕ್ ಎನ್ನುತ್ತಿದ್ದರೆ ವೋಲ್ಟೇಜ್ ಏರಿಳಿಯುತ್ತಿದೆ, ಇಲ್ಲವೇ ಎಕ್ಸ್‌ಟೆನ್ಶನ್ ಬೋರ್ಡಿನ ಸಾಕೆಟ್ ಸಡಿಲಾಗಿದೆ. ಹೀಗೆ ಲೋಡ್ ಮತ್ತೆ ಮತ್ತೆ ಬ್ಯಾಟರಿಯ ಮೇಲೆ ಬಿದ್ದು ಅದು ಬೇಗ ಸವೆಯುತ್ತದೆ. ಕಂಪ್ಯೂಟರ್ ಮೈ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಗುಂಡಿ ಒಣಗಿರಬಹುದು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸುವುದನ್ನು ಮರೆಯುವ ಕಚೇರಿಗಳೇ ಹೆಚ್ಚು, ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ. ಒಳಗಿರುವುದು ಸೀಸ ಮತ್ತು ಆಸಿಡ್. ಬ್ಯಾಟರಿ ಅಂಗಡಿಗೇ ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ. ಹೊಸದು ಹಾಕಿದ ದಿನವೇ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆಯಿರಿ. ಎರಡು ವರ್ಷ ಕಳೆದ ಮೇಲೆ ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ನೋಡಿ.