ಸೋತವಳ ದ್ವೀಪದಲ್ಲಿ ಒಂದು ದಿನ

ತಾರೆಯರ ಮದುವೆ ಸುದ್ದಿಗಿಂತ ಆ ಮದುವೆ ಮುರಿದ ಸುದ್ದಿಗೇ ಗಿರಾಕಿ ಜಾಸ್ತಿ. ಇಲ್ಲ ಅನ್ನಬೇಡಿ ಮಿತ್ರರೇ! ಪತ್ರಿಕೆ ಕೈಗೆ ಬಂದ ತಕ್ಷಣ ನೀವು ಮೊದಲು ತಿರುವೋದು ಯಾವ ಪುಟ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಆದರೆ ಒಡೆದ ಸಂಸಾರದ ಹಾಡನ್ನು ಗಂಡನೇ ಬರೆದು, ಬೇರೆಯಾದ ಹೆಂಡತಿಯೇ ಅದನ್ನು ಹಾಡಿ, ಚಿತ್ರೀಕರಣಕ್ಕೆ ಇಬ್ಬರೂ ಒಂದೇ ಊರಿಗೆ ಹೋದ ಕಥೆ ಕೇಳಿದ್ದೀರಾ?

ಆ ಊರು ಮಾರ್‌ಸ್ಟ್ರಾಂಡ್. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಪುಟ್ಟ ದ್ವೀಪ. ತಂಡ, ಜಗತ್ತನ್ನೇ ಕುಣಿಸಿದ ಅಬ್ಬಾ. ಹಾಡು, 'ದಿ ವಿನ್ನರ್ ಟೇಕ್ಸ್ ಇಟ್ ಆಲ್'. ಗೆದ್ದವರಿಗೇ ಎಲ್ಲ ಅಂತ ಅರ್ಥ.

ದೋಣಿ ದಾಟಿದರೆ ಕೋಟೆ

ಗೋಥೆನ್‌ಬರ್ಗ್ ನಗರದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬೋಳು ಬಂಡೆ, ಒಂದು ತುಂಡು ಸಮುದ್ರ, ಮತ್ತೆ ಬಂಡೆ. ಬಸ್ಸು ನಿಲ್ಲೋದು ಪಕ್ಕದ ದ್ವೀಪದಲ್ಲಿ. ಅಲ್ಲಿಂದ ಮಾರ್‌ಸ್ಟ್ರಾಂಡಿಗೆ ದೋಣಿ. ಸಿಗರೇಟು ಹಚ್ಚಿ ಎರಡು ದಮ್ಮು ಎಳೆಯೋದರೊಳಗೆ ಆಚೆ ದಡ ಬಂದೇಬಿಟ್ಟಿತು!

ಇಳಿದರೆ ಕಾರುಗಳ ಗದ್ದಲವಿಲ್ಲ. ತಿಳಿಬಣ್ಣದ ಮರದ ಮನೆಗಳು, ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳು, ದಡದುದ್ದಕ್ಕೂ ಹಾಯಿದೋಣಿಗಳ ಸಾಲು. ಬೇಸಗೆಯಲ್ಲಿ ಇದು ಮಜಾ ಮಾಡಲು ಬರುವವರ ಊರು. ನಗು, ಗ್ಲಾಸುಗಳ ಕಿಣಿಕಿಣಿ, ಹುರಿದ ಮೀನಿನ ವಾಸನೆ. ವಿರಹದ ಹಾಡಿಗೆ ಇಂಥ ಜಾಗವೇ? ಮೊದಲು ನನಗೂ ಹಾಗೇ ಅನ್ನಿಸಿತು.

ಊರಿನ ನೆತ್ತಿಯ ಮೇಲೆ ಕಾರ್ಲ್‌ಸ್ಟೆನ್ ಕೋಟೆ ಇದೆ. ಏದುಸಿರು ಬಿಡುತ್ತಾ ಹತ್ತಿದೆ. 1658ರಲ್ಲಿ ಸ್ವೀಡನ್ನಿನ ದೊರೆ ಡೆನ್ಮಾರ್ಕ್-ನಾರ್ವೆಯ ಅರಸನನ್ನು ಮಣಿಸಿ ಈ ಕರಾವಳಿಯನ್ನೇ ಕಿತ್ತುಕೊಂಡ. ಗೆದ್ದದ್ದನ್ನು ಉಳಿಸಿಕೊಳ್ಳಲು ಕೋಟೆ ಕಟ್ಟಿಸಿದ. 1677ರಲ್ಲಿ ಸೋತವರು ತಿರುಗಿ ಬಂದು ಕೋಟೆ ಹಿಡಿದರು. ಆಮೇಲೆ ಒಪ್ಪಂದ, ಕೋಟೆ ವಾಪಸ್ಸು. 1719ರಲ್ಲಿ ಮತ್ತೆ ಹಿಡಿದರು, ಮತ್ತೆ ವಾಪಸ್ಸು! ಗೆದ್ದವರಿಗೇ ಎಲ್ಲ ಅನ್ನೋ ಮಾತು ಎಷ್ಟು ದಿನ ಬಾಳುತ್ತೆ ಅಂತ ಈ ಕಲ್ಲುಗಳನ್ನು ಕೇಳಬೇಕು.

ಗಂಡನ ಮಾತು, ಹೆಂಡತಿಯ ಕಂಠ

ಈಗ ಕಥೆಗೆ ಬರೋಣ. ಬೆನ್ನಿ ಮತ್ತು ಫ್ರಿಡಾ ಒಂದು ಜೋಡಿ. ಬ್ಯೋರ್ನ್ ಮತ್ತು ಆಗ್ನೆತಾ ಇನ್ನೊಂದು ಜೋಡಿ. ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿದರೆ ಅಬ್ಬಾ. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ 'ವಾಟರ್ಲೂ' ಹಾಡಿ ಯೂರೋವಿಷನ್ ಸ್ಪರ್ಧೆ ಗೆದ್ದರು. ನಮ್ಮ ಪಂಚಮದಾ ಆರ್.ಡಿ. ಬರ್ಮನ್ ಅವರೂ ಇವರ 'ಮಮ್ಮಾ ಮಿಯಾ' ರಾಗಕ್ಕೆ ಮನಸೋತವರೇ. 1977ರ 'ಹಮ್ ಕಿಸೀಸೆ ಕಮ್ ನಹೀಂ' ಚಿತ್ರದ 'ಮಿಲ್ ಗಯಾ ಹಮ್‌ಕೋ ಸಾಥಿ' ಕೇಳಿ ನೋಡಿ, ಗೊತ್ತಾಗುತ್ತೆ.

ಬ್ಯೋರ್ನ್-ಆಗ್ನೆತಾ ಮದುವೆಯಾದದ್ದು 1971ರಲ್ಲಿ. ಇಬ್ಬರು ಮಕ್ಕಳು. 1978ರ ಕ್ರಿಸ್‌ಮಸ್ ಹೊತ್ತಿಗೆ ಆಗ್ನೆತಾ ಮನೆ ಬಿಟ್ಟರು. ಆದರೆ ತಂಡ ಬಿಡಲಿಲ್ಲ! ಬೆಳಗಾದರೆ ಅದೇ ಸ್ಟುಡಿಯೋ, ಅದೇ ಮೈಕು, ಎದುರಿಗೆ ಅದೇ ಮಾಜಿ ಗಂಡ. ನಮ್ಮ ನಿಮ್ಮಂಥವರ ಕೈಲಿ ಆಗುತ್ತಾ ಸ್ವಾಮಿ?

1980ರಲ್ಲಿ ಒಂದು ರಾತ್ರಿ ಬ್ಯೋರ್ನ್ ಬಾಟಲಿ ಎದುರಿಗಿಟ್ಟುಕೊಂಡು ಕೂತರು. ರಾಗ ಆಗಲೇ ತಯಾರಾಗಿತ್ತು. ಸುಮಾರು ಒಂದು ಗಂಟೆಯಲ್ಲಿ ಸಾಹಿತ್ಯ ಮುಗಿಯಿತಂತೆ. ಪ್ರೀತಿಯನ್ನು ಒಂದು ಪಂದ್ಯ ಅಂತ ಕಲ್ಪಿಸಿಕೊಂಡು, ಅದರಲ್ಲಿ ಸೋತ ಹೆಣ್ಣಿನ ಬಾಯಿಂದ ಹೇಳಿಸಿದ ಮಾತು ಅದು. ಹಾಡಲು ಕೊಟ್ಟದ್ದು ಯಾರಿಗೆ? ಆಗ್ನೆತಾಗೆ! ಸ್ಟಾಕ್‌ಹೋಮಿನ ಪೋಲಾರ್ ಸ್ಟುಡಿಯೋದಲ್ಲಿ ಜೂನ್ ತಿಂಗಳಲ್ಲಿ ಧ್ವನಿಮುದ್ರಣವಾಯಿತು. ಜುಲೈನಲ್ಲಿ ಡೈವೋರ್ಸ್ ಪೂರ್ತಿಯಾಯಿತು. ಅದೇ ಜುಲೈನಲ್ಲಿ ಮಾರ್‌ಸ್ಟ್ರಾಂಡಿನಲ್ಲಿ ಶೂಟಿಂಗ್, ಅದೇ ಜುಲೈನಲ್ಲಿ ರೆಕಾರ್ಡು ಅಂಗಡಿಗೆ!

ಕ್ಯಾಮೆರಾ ನೋಡಿದ ಮುಖ

ನಿರ್ದೇಶಕ ಯಾರು ಗೊತ್ತೇ? ಲಾಸ್ಸೆ ಹಾಲ್‌ಸ್ಟ್ರೋಮ್. ಅಬ್ಬಾದ ಹೆಚ್ಚುಕಮ್ಮಿ ಎಲ್ಲ ಹಾಡುಗಳನ್ನೂ ಚಿತ್ರೀಕರಿಸಿದವರು. 1985ರಲ್ಲಿ 'ಮೈ ಲೈಫ್ ಆಸ್ ಎ ಡಾಗ್' ತೆಗೆದು ಆಸ್ಕರ್ ಬಾಗಿಲಿಗೆ ಹೋದವರು. ನಮ್ಮ ಓಂ ಪುರಿ ನಟಿಸಿ, ಎ.ಆರ್. ರೆಹಮಾನ್ ಸಂಗೀತ ಕೊಟ್ಟ 2014ರ 'ದಿ ಹಂಡ್ರೆಡ್-ಫುಟ್ ಜರ್ನಿ' ಕೂಡ ಇವರದೇ.

ಫೋನಿನಲ್ಲಿ ಆ ಹಾಡು ಹಾಕಿಕೊಂಡು ಬೀದಿ ಬೀದಿ ಹೋಲಿಸುತ್ತಾ ನಡೆದೆ. ಮೊದಲಿಗೆ ನಾಲ್ವರ ಹಳೆಯ ಕಪ್ಪು-ಬಿಳುಪು ಫೋಟೋಗಳು ಬರುತ್ತವೆ. ಆಮೇಲೆ ಆಗ್ನೆತಾಳ ಮುಖ. ಪರದೆ ತುಂಬ ಬರೀ ಮುಖ. ಗ್ಲಿಸರಿನ್ ಕಣ್ಣೀರಿಲ್ಲ, ಮಳೆಯಿಲ್ಲ, ಮೆಟ್ಟಿಲಿಂದ ಉರುಳೋದಿಲ್ಲ. ನಡುನಡುವೆ ಉಳಿದವರು ಮೇಜಿನ ಸುತ್ತ ಕೂತು ನಗುತ್ತಿದ್ದಾರೆ. ಇವಳು ಒಂಟಿಯಾಗಿ ಬೀದಿಯಲ್ಲಿ ನಡೆಯುತ್ತಾಳೆ.

ಆಗ ಹೊಳೆಯಿತು, ಈ ಮಜಾ ಊರನ್ನೇ ಯಾಕೆ ಆರಿಸಿದರು ಅಂತ. ಸ್ಮಶಾನದಲ್ಲಿ ಅತ್ತರೆ ಯಾರೂ ತಿರುಗಿ ನೋಡೋದಿಲ್ಲ. ಜಾತ್ರೆಯಲ್ಲಿ ಒಬ್ಬಳು ಸುಮ್ಮನೆ ನಿಂತರೆ ಎದೆ ಝಲ್ಲೆನ್ನುತ್ತೆ. ಹಾಡಿನ ಒಳಗುಟ್ಟೂ ಅದೇ. ಪಿಯಾನೋ ಸ್ವರ ಮತ್ತೆ ಮತ್ತೆ ಮೇಲಿಂದ ಕೆಳಕ್ಕೆ ಇಳಿಯುತ್ತೆ, ತಾಳ ಮಾತ್ರ ಓಡುತ್ತಲೇ ಇರುತ್ತೆ. ಕಾಲು ಕುಣಿಯಬೇಕು ಅನ್ನುತ್ತೆ, ಕಣ್ಣು ಬೇಡ ಅನ್ನುತ್ತೆ.

ಗೆದ್ದವರ‍್ಯಾರು?

ಜನ ಮುಗಿಬಿದ್ದರು. ಇಂಗ್ಲೆಂಡಿನಲ್ಲಿ 1980ರ ಆಗಸ್ಟಿನಲ್ಲಿ ಎರಡು ವಾರ ನಂಬರ್ ಒನ್. 1981ರಲ್ಲಿ ಅಮೆರಿಕದಲ್ಲಿ ಎಂಟನೇ ಸ್ಥಾನ. ಜೊತೆಗೆ ಪ್ರಶ್ನೆಗಳ ಸುರಿಮಳೆ. ಇದು ನಿಮ್ಮದೇ ಕಥೆಯಾ? ಯಾರು ಯಾರನ್ನು ಬಿಟ್ಟರು? ಬೇರೆಯಾದ ನೋವು ನಿಜ, ಕಥೆ ಮಾತ್ರ ಕಟ್ಟಿದ್ದು, ನಮ್ಮ ಡೈವೋರ್ಸಿನಲ್ಲಿ ಯಾರೂ ಗೆಲ್ಲಲಿಲ್ಲ ಅಂತ ಬ್ಯೋರ್ನ್ ಎಷ್ಟೋ ಸಲ ಹೇಳಿದರು. ಕೇಳುವವರು ಬೇಕಲ್ಲ!

ಗಂಡ ತಾನೇ ಗೆದ್ದವನಂತೆ ಕೂತು, ಸೋತವಳ ಮಾತನ್ನೂ ತಾನೇ ಬರೆದುಕೊಟ್ಟನಲ್ಲ, ಇದು ಅನ್ಯಾಯ ಅನ್ನುವವರೂ ಇದ್ದಾರೆ. ಅದರಲ್ಲಿ ಹುರುಳಿದೆ. ಆದರೆ ಆಗ್ನೆತಾ ಏನಂದರು? ಅಬ್ಬಾ ಹಾಡುಗಳಲ್ಲಿ ತನಗೆ ಅತ್ಯಂತ ಇಷ್ಟವಾದದ್ದು ಇದೇ ಅಂದರು! ಬರೆದವನು ಯಾರೇ ಆಗಲಿ, ಆ ಕಂಠದಲ್ಲಿ ಬಂದ ಮೇಲೆ ಹಾಡು ಅವಳದ್ದೇ. 2008ರ 'ಮಮ್ಮಾ ಮಿಯಾ!' ಚಿತ್ರದಲ್ಲಿ ಗ್ರೀಸಿನ ಸ್ಕೋಪೆಲೋಸ್ ದ್ವೀಪದ ಬಂಡೆಯ ಮೇಲೆ ಮೆರಿಲ್ ಸ್ಟ್ರೀಪ್ ಇದನ್ನು ಹಾಡಿದಾಗ, ಎದುರಿಗಿದ್ದ ಜೇಮ್ಸ್ ಬಾಂಡ್ ಖ್ಯಾತಿಯ ಪಿಯರ್ಸ್ ಬ್ರಾಸ್ನನ್‌ಗೆ ಸುಮ್ಮನೆ ನಿಂತು ಕೇಳೋದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ನಮ್ಮ ಸಿನಿಮಾದಲ್ಲಿ ಪ್ರೀತಿ ಸೋತ ಹುಡುಗನಿಗೆ ಎರಡೇ ದಾರಿ. ಒಂದು, ಗಡ್ಡ ಬಿಟ್ಟು ಬಾಟಲಿ ಹಿಡಿದು ದೇವದಾಸನಾಗೋದು. ಇನ್ನೊಂದು, ಹುಡುಗಿಯ ಬೆನ್ನು ಹತ್ತಿ ಕಾಟ ಕೊಟ್ಟು ಖಳನಾಯಕನಾಗೋದು. ಎರಡಕ್ಕೂ ನಾವು ಶಿಳ್ಳೆ ಹೊಡೆದಿದ್ದೇವೆ. ಬೀದಿಯಲ್ಲಿ ಅದನ್ನೇ ಅನುಸರಿಸಿ ಬಾಳು ಕೆಡಿಸಿಕೊಂಡವರೂ, ಹೆಣ್ಣುಮಕ್ಕಳ ಬಾಳು ಕೆಡಿಸಿದವರೂ ಇದ್ದಾರೆ. ಮೂರನೇ ದಾರಿಯೊಂದು ಇದೆ ತಮ್ಮಂದಿರಾ! ಸೋತೆ ಅಂತ ಒಪ್ಪಿಕೊಂಡು, ಗೆದ್ದವರಿಗೆ ಶಾಪ ಹಾಕದೆ, ತಾಳ ತಪ್ಪದೆ ನಿಲ್ಲೋದು. ಆಗ್ನೆತಾ ಮಾಡಿದ್ದು ಅದನ್ನೇ.

ಬೆನ್ನಿ-ಫ್ರಿಡಾ ಜೋಡಿಯೂ 1981ರಲ್ಲಿ ಬೇರೆಯಾಯಿತು. ಮರುವರ್ಷ ತಂಡವೂ ಮೌನವಾಯಿತು. ಮುಗಿಯಿತು ಅಂದುಕೊಂಡಿತ್ತು ಜಗತ್ತು. 2021ರ ನವೆಂಬರಿನಲ್ಲಿ, ಸುಮಾರು 40 ವರ್ಷದ ಮೇಲೆ, 'ವಾಯೇಜ್' ಎಂಬ ಹೊಸ ಆಲ್ಬಂ ಬಂತು. ಎಪ್ಪತ್ತು ದಾಟಿದ ಅದೇ ನಾಲ್ವರು. ಸಾಹಿತ್ಯ ಬ್ಯೋರ್ನ್, ಹಾಡಿದವರಲ್ಲಿ ಒಬ್ಬಳು ಆಗ್ನೆತಾ. ಇನ್ನು ಗೆದ್ದವರು ಯಾರು, ಸೋತವರು ಯಾರು ಅಂತ ನೀವೇ ಹೇಳಿ!