ಎಕ್ಸ್ ಕೈಕೊಡುವ ತ್ರಿಭುಜ

ಗೊತ್ತಿಲ್ಲದ ಕೋನಕ್ಕೆ ಎಕ್ಸ್ ಅಂತ ಹೆಸರಿಟ್ಟರೆ ಅರ್ಧ ಲೆಕ್ಕ ಮುಗಿದ ಹಾಗೆ. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಶೃಂಗಕೋನದ ಎರಡರಷ್ಟಿವೆಯೇ? ಎಕ್ಸ್ + 2ಎಕ್ಸ್ + 2ಎಕ್ಸ್ = 180. ಶೃಂಗಕೋನ 36 ಡಿಗ್ರಿ. ಒಂದೇ ಸಾಲು.

ಈ ಧೈರ್ಯ ಇಳಿಸೋಕೆ ಒಂದು ಲೆಕ್ಕ ಇದೆ. 1922ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಲ್ಯಾಂಗ್ಲಿ ‘ಮ್ಯಾಥಮೆಟಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಕೇಳಿದ್ದು. ತ್ರಿಭುಜ ಎಬಿಸಿ: ಬಿ, ಸಿ ಎರಡೂ 80 ಡಿಗ್ರಿ, ತುದಿಯ ಎ 20. ಪಾದ ಬಿಸಿಗೆ 60 ಡಿಗ್ರಿಯಲ್ಲಿ ಬಿಯಿಂದ ಒಂದು ಗೆರೆ, ಎದುರು ಬಾಹುವನ್ನು ಇಯಲ್ಲಿ ಮುಟ್ಟುತ್ತದೆ. 50 ಡಿಗ್ರಿಯಲ್ಲಿ ಸಿಯಿಂದ ಇನ್ನೊಂದು, ಅದು ಎಫ್‌ನಲ್ಲಿ. ಇ, ಎಫ್ ಸೇರಿಸಿ. ಕೋನ ಬಿಇಎಫ್ ಎಷ್ಟು?

ಅದನ್ನು ಎಕ್ಸ್, ಸಿಎಫ್ಇಯನ್ನು ವೈ ಅನ್ನಿ. ನಡುವಿನ ಪುಟ್ಟ ತ್ರಿಭುಜ ಹೇಳುತ್ತೆ: ಎಕ್ಸ್ + ವೈ = 110. ಮೇಲಿನ ತ್ರಿಭುಜ ಕೇಳಿದರೆ ಅದೂ 110. ಪಕ್ಕದ್ದೂ ಅದನ್ನೇ ಹೇಳುತ್ತೆ. ಎಲ್ಲಿ ಕೂಡಿ ಕಳೆದರೂ ಕೊನೆಗೆ ಸೊನ್ನೆ ಸಮ ಸೊನ್ನೆ! ಕೋನಗಳ ಮೊತ್ತಕ್ಕೆ ಬಾಹುಗಳ ಉದ್ದದ ಸುದ್ದಿಯೇ ಗೊತ್ತಿಲ್ಲವಲ್ಲ.

ಬೇಕಿರೋದು ಇನ್ನೊಂದೇ ಗೆರೆ. ಪಾದಕ್ಕೆ 20 ಡಿಗ್ರಿಯಲ್ಲಿ ಬಿಯಿಂದ ಎಳೆಯಿರಿ, ಎಸಿಯನ್ನು ಜಿಯಲ್ಲಿ ಮುಟ್ಟಲಿ. ಬಿಜಿ, ಬಿಸಿ, ಬಿಎಫ್ ಮೂರೂ ಸಮ. ಬಿಜಿಎಫ್ ಅಂತೂ ಸಮಬಾಹು ತ್ರಿಭುಜ. ಜಿಇ ಕೂಡ ಅಷ್ಟೇ ಉದ್ದ. ಆಗ ಕೋನ ಜಿಇಎಫ್ 70, ಅದರಲ್ಲಿ ಜಿಇಬಿಯ 40 ಕಳೆದರೆ ಉತ್ತರ 30.

ಆ ಗೆರೆ ಅಲ್ಲೇ ಎಳೀಬೇಕು ಅಂತ ಮೊದಲು ಹೊಳೆದವರಿಗೆ ಹೇಗೆ ಹೊಳೆಯಿತೋ! ಅದಕ್ಕಂತೂ ಸಮೀಕರಣ ಇಲ್ಲ.